ಎಡಗಡೆ ಯಾರಿದ್ದಾರೆ?

ಜನವರಿ 10, ಶನಿವಾರ

ನನ್ನ ಹೆಂಡತಿ ಬೆರಿಲ್ ಕ್ರಿಸ್‌ಮಸ್‌ಗೆ ಈ ಡೈರಿ ಕೊಡುವಾಗ ಹೇಳಿದ್ದು ಇಷ್ಟೇ: ಮನೆಯಲ್ಲಂತೂ ನೀನು ಬಾಯಿ ಬಿಡುವುದಿಲ್ಲ, ಇದರಲ್ಲಾದರೂ ಬಿಡು. ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಇವತ್ತು ಇದೆ.

ಸೊನ್ನೆ–ಎರಡು ಸೋತೆವು. ಇಪ್ಪತ್ತನೇ ನಿಮಿಷದಲ್ಲಿ ಕಾರ್ನರ್ ಕಿಕ್‌ಗೆ ಹಾರಿದಾಗ ಅವರ ಕಡೆಯವನೊಬ್ಬನ ಮೊಣಕೈ ನನ್ನ ಎಡಗಣ್ಣಿಗೆ ಬಿತ್ತು. ಬೇಕೆಂದು ಹೊಡೆದದ್ದಲ್ಲ, ಅವನಿಗೆ ಮೊಣಕೈ ಇಟ್ಟುಕೊಳ್ಳಲು ಬೇರೆ ಜಾಗ ಇರಲಿಲ್ಲ. ನಮ್ಮ ಟ್ರೇನರ್ ಬಕೆಟ್ ಹಿಡಿದು ಓಡಿಬಂದು ತಣ್ಣೀರಿನ ಸ್ಪಂಜು ಒತ್ತಿದ. ಅವನ ಹತ್ತಿರ ಇರುವ ಔಷಧ ಅದೊಂದೇ. ಮಂಡಿ ಮುರಿದರೂ ಅದೇ, ಹಲ್ಲು ಹೋದರೂ ಅದೇ. ಎಷ್ಟು ಬೆರಳು ಅಂತ ಕೇಳಿದ. ಎರಡು ಅಂದೆ. ಮೂರಿದ್ದವಂತೆ. ಹತ್ತಿರ ಹತ್ತಿರ ಸರಿ ಇದೆ, ಆಡು ಅಂದ. ಆಡಿದೆ.

ನಮ್ಮ ಕ್ಲಬ್ಬು ಬ್ರ್ಯಾಕನ್‌ಶಾ ಟೌನ್ ಈಗ ಇಂಗ್ಲಿಷ್ ಫುಟ್‌ಬಾಲ್ ಲೀಗಿನ ನಾಲ್ಕನೇ ಡಿವಿಷನ್ನಿನಲ್ಲಿ ಇಪ್ಪತ್ತನಾಲ್ಕನೆಯ ಸ್ಥಾನದಲ್ಲಿದೆ. ಇಪ್ಪತ್ತೈದನೆಯದು ಇಲ್ಲ. ಈ ವರ್ಷದಿಂದ ಕೊನೆಯ ಸ್ಥಾನದವರು ಲೀಗಿನಿಂದಲೇ ಹೊರಗೆ.

ಜನವರಿ 12, ಸೋಮವಾರ

ಊತ ಇಳಿದಿದೆ. ಎಡಗಣ್ಣಿನ ಮೂಲೆಯಲ್ಲಿ ಬೂದು ಬಣ್ಣದ ಪರದೆಯಂಥದ್ದು ಇಳಿಬಿದ್ದಿದೆ. ಕಣ್ಣು ಉಜ್ಜಿದರೂ ಹೋಗಲಿಲ್ಲ. ಹೋಗುತ್ತದೆ.

ಜನವರಿ 21, ಬುಧವಾರ

ತರಬೇತಿ. ಕೀತ್ ಟ್ಯಾಟರ್ಸಾಲ್ ಎಂಬವನು ಎಡಗಡೆಯಿಂದ ಬಂದು ನನ್ನ ಕಾಲಿನಿಂದ ಚೆಂಡು ಎತ್ತಿಕೊಂಡು ಹೋದ. ಬಂದದ್ದೇ ಕಾಣಲಿಲ್ಲ. ಅವನು ನಿಂತು ನನ್ನ ಮುಖ ನೋಡಿದ. ಏನು ನೋಡ್ತೀಯ ಅಂದೆ. ಏನಿಲ್ಲ ಕ್ಯಾಪ್ಟನ್ ಅಂದ.

ಅವನಿಗೆ ಇಪ್ಪತ್ತೈದು. ಎರಡು ವರ್ಷದಿಂದ ನನ್ನ ಜಾಗಕ್ಕೆ ಕಾಯುತ್ತಿದ್ದಾನೆ. ನನಗೆ ಮೂವತ್ತನಾಲ್ಕು, ಒಪ್ಪಂದ ಜೂನ್‌ವರೆಗೆ. ನಾನು ನಡುಮೈದಾನದ ಆಟಗಾರ. ಮುಂದಿನವರು ಗೋಲು ಹೊಡೆಯುತ್ತಾರೆ, ಹಿಂದಿನವರು ಗೋಲು ತಡೆಯುತ್ತಾರೆ, ನಡುವಿನವನು ಎರಡು ಕಡೆಯವರಿಂದಲೂ ಬೈಸಿಕೊಳ್ಳುತ್ತಾನೆ. ಹದಿನೇಳು ವರ್ಷದಿಂದ ನಾನು ಮಾಡಿದ ಕೆಲಸ ಇದೊಂದೇ. ನಡುವಿನವನಿಗೆ ನಾಲ್ಕು ದಿಕ್ಕಿನಿಂದಲೂ ಜನ ಬರುತ್ತಾರೆ. ನನಗೀಗ ಮೂರು ದಿಕ್ಕಿನಿಂದ ಬರುತ್ತಾರೆ, ನಾಲ್ಕನೆಯದರಿಂದ ಉದ್ಭವವಾಗುತ್ತಾರೆ.

ಜನವರಿ 24, ಶನಿವಾರ

ಒಂದು–ಮೂರು. ಮೂರರಲ್ಲಿ ಎರಡು ನನ್ನಿಂದಾದದ್ದು. ಎರಡು ಸಲವೂ ಎಡಗಡೆ. ಮ್ಯಾನೇಜರ್ ವಿಲ್ಫ್ ಬಾರ್ಸ್ಟೋ ಹಾಫ್ ಟೈಮಿನಲ್ಲಿ ಚಹಾದ ಕಪ್ಪುಗಳಿಗೆಲ್ಲ ಕೇಳುವ ಹಾಗೆ ಬೈದ. ಬೂಟು ಜಾರಿತು ಅಂದೆ. ನಮ್ಮ ಮೈದಾನ ಕೆಸರಿನ ಗುಂಡಿಯಾದ್ದರಿಂದ ನಂಬಿದ.

ಜನವರಿ 26, ಸೋಮವಾರ

ಸ್ನಾನದ ಮನೆಯಲ್ಲಿ ಬಲಗಣ್ಣು ಮುಚ್ಚಿಕೊಂಡು ನೋಡಿದೆ. ಕನ್ನಡಿಯಲ್ಲಿ ಅರ್ಧ ಮನುಷ್ಯ ಇದ್ದ.

ಬೆಳಿಗ್ಗೆ ಹಾಲನ್ನು ಮಗ್ಗಿನ ಪಕ್ಕಕ್ಕೆ, ಮೇಜಿನ ಮೇಲೆ, ಬಹಳ ಜಾಗ್ರತೆಯಿಂದ ಸುರಿದೆ. ಬೆರಿಲ್ ಒರೆಸಿದಳು. ಎರಡನೇ ಸಲವೂ ಒರೆಸಿ, ಆಸ್ಪತ್ರೆಗೆ ಯಾವಾಗ ಹೋಗುತ್ತೀಯ ಅಂದಳು. ಸೀಸನ್ ಮುಗಿದ ಮೇಲೆ ಅಂದೆ. ಬಟ್ಟೆ ಹಿಂಡಿ ಬೇಕರಿ ಕೆಲಸಕ್ಕೆ ಹೋದಳು.

ಫೆಬ್ರವರಿ 3, ಮಂಗಳವಾರ

ಒಂದು ಉಪಾಯ ಹೊಳೆಯಿತು. ನನಗೆ ಕಾಣದಿದ್ದರೆ ಏನಂತೆ, ಬೇರೆಯವರಿಗೆ ಕಾಣುತ್ತದಲ್ಲ. ಅವರು ಬಾಯಿ ಬಿಟ್ಟು ಹೇಳಿದರೆ ಸಾಕು.

ತರಬೇತಿ ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿ, ನಮ್ಮ ತಂಡ ಸತ್ತ ಮನೆಯ ಹಾಗಿದೆ, ಇನ್ನು ಮೇಲೆ ಮೈದಾನದಲ್ಲಿ ಎಲ್ಲರೂ ಮಾತಾಡಬೇಕು, ಇದು ಶಿಸ್ತಿನ ವಿಷಯ ಅಂದೆ. ಗೋಲ್‌ಕೀಪರ್ ರಾಯ್ ಥ್ರೆಲ್‌ಫಾಲ್ ಆಕಾಶ ನೋಡಿದ. ನಾಲ್ಕು ವರ್ಷದಲ್ಲಿ ಅವನ ಜೊತೆ ನಾನು ಆಡಿದ್ದು ಒಟ್ಟು ಹತ್ತು ಮಾತು, ಅದರಲ್ಲಿ ಆರು 'ಒದಿ'.

ನನ್ನ ಎಡಕ್ಕೆ, ಸ್ವಲ್ಪ ಹಿಂದೆ ಆಡುವವನು ಐರ್ಲೆಂಡಿನ ಡರ್ಮಟ್ ಕ್ವಿಗ್ಲಿ. ಅವನಿಗೆ ಬೇರೆಯಾಗಿ ಹೇಳಿದೆ, ಎಡಗಡೆ ಯಾರಿದ್ದಾರೆ ಅಂತ ನಾನು ಕೇಳಿದರೆ ಕೂಡಲೇ ಉತ್ತರ ಬರಬೇಕು ಅಂತ. ಯಾಕೆ ಅಂದ. ಶಿಸ್ತು ಅಂದೆ.

ಫೆಬ್ರವರಿ 14, ಶನಿವಾರ

ಒಂದು–ಒಂದು. ತೊಂಬತ್ತು ನಿಮಿಷ ಕೂಗಿ ಗಂಟಲು ಹರಿದುಹೋಗಿದೆ. ಕ್ವಿಗ್ಲಿ ಚೆನ್ನಾಗಿ ಕೂಗುತ್ತಾನೆ, ಆದರೆ ವಿವರ ಜಾಸ್ತಿ. 'ಎಡಕ್ಕೆ ಒಬ್ಬ, ಕೆಂಪು ತಲೆ, ಕೋಪದಲ್ಲಿದ್ದಾನೆ.' ಸಂಖ್ಯೆ ಸಾಕು ಅಂತ ಹೇಳಿದ್ದೇನೆ.

ಫೆಬ್ರವರಿ 28, ಶನಿವಾರ

ಎರಡು–ಸೊನ್ನೆ. ಗೆದ್ದೆವು. ನವೆಂಬರ್‌ನ ಮೇಲೆ ಇದೇ ಮೊದಲು. ಚೆಂಡು ಬರುವ ಮೊದಲೇ ಕತ್ತು ತಿರುಗಿಸಿ ಎಡಕ್ಕೊಮ್ಮೆ ನೋಡಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನಿಮಿಷಕ್ಕೆ ಹತ್ತು ಸಲ. ಕತ್ತು ಹಿಡಿದುಕೊಂಡಿದೆ.

ಮಾರ್ಚ್ 2, ಸೋಮವಾರ

ನಮ್ಮೂರ ಪತ್ರಿಕೆಯಲ್ಲಿ ಬಂದಿದೆ: 'ನಾರ್ಮನ್ ಕ್ರಾಶಾ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಆಟದ ಎಲ್ಲ ದಿಕ್ಕುಗಳನ್ನೂ ನೋಡುವುದನ್ನು ಕಲಿತಿದ್ದಾರೆ.' ಬೆರಿಲ್ ಕತ್ತರಿಸಿ ಇಟ್ಟುಕೊಳ್ಳಲಿಲ್ಲ. ಬೇರೆ ಸಲ ಇಟ್ಟುಕೊಳ್ಳುತ್ತಾಳೆ.

ಮಾರ್ಚ್ 10, ಮಂಗಳವಾರ

ಟ್ಯಾಟರ್ಸಾಲ್ ಈ ವಾರವೂ ತಂಡದಲ್ಲಿಲ್ಲ. ಬಾರ್ಸ್ಟೋನ ಎದುರೇ ಗೊಣಗಿದ, ಇಲ್ಲಿ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತ. ಕಣ್ಣು ಅನ್ನುವ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈಲಿದ್ದ ಚಹಾ ಚೆಲ್ಲಿತು. ಅವನು ತಕ್ಷಣ ಬಾಯಿ ಮುಚ್ಚಿಕೊಂಡು ಹೊರಗೆ ಹೋದ. ತಪ್ಪು ಮಾಡಿದವನ ಹಾಗೆ ಕಂಡ. ಸುಣ್ಣ ತಿಂದವನು ಅವನು, ನಾಚಿಕೊಳ್ಳಲು ಏನಿದೆಯೋ.

ಅವನಲ್ಲಿ ಒಂದು ದೋಷ ಗಮನಿಸಿದ್ದೇನೆ. ತರಬೇತಿಯಲ್ಲಿ ನನ್ನಿಂದ ಚೆಂಡು ಕಸಿಯಲು ಬಂದರೆ ಯಾವಾಗಲೂ ಬಲಗಡೆಯಿಂದಲೇ ಬರುತ್ತಾನೆ. ಒಂದೇ ದಾರಿ ಗೊತ್ತಿರುವ ಆಟಗಾರ. ನಾನು ತಿದ್ದಲು ಹೋಗುವುದಿಲ್ಲ.

ಮಾರ್ಚ್ 22, ಭಾನುವಾರ

ನಿನ್ನೆ ಮತ್ತೆ ಗೆಲುವು. ಐದು ಪಂದ್ಯದಲ್ಲಿ ಮೂರು. ಇಪ್ಪತ್ತೆರಡನೇ ಸ್ಥಾನ.

ಈಗ ಕೂಗುವಾಗ ಇನ್ನೊಂದು ವಿಷಯ ಗೊತ್ತಾಗಿದೆ. ಎಡಗಡೆ ಯಾರಿದ್ದಾರೆ ಅಂತ ಕೇಳಿಕೊಂಡೇ ಆಡಬೇಕಾದರೆ ಎಲ್ಲರೂ ಎಲ್ಲಿ ನಿಂತಿರಬೇಕು ಅನ್ನುವುದು ತಲೆಯಲ್ಲೇ ಇರಬೇಕು. ಆದ್ದರಿಂದ ನಿಲ್ಲಿಸುತ್ತೇನೆ. ನೀನು ಎರಡು ಹೆಜ್ಜೆ ಒಳಗೆ ಬಾ, ನೀನು ಅವನ ಬೆನ್ನಿಗೆ ಅಂಟಿಕೋ. ವಿಚಿತ್ರ ಅಂದರೆ, ನಿಲ್ಲುತ್ತಾರೆ.

ಮಧ್ಯಾಹ್ನ ಬೆರಿಲ್ ಬೇಕರಿಯಿಂದ ತಂದ ಹನ್ನೊಂದು ಬನ್ನುಗಳನ್ನು ಮೇಜಿನ ಮೇಲೆ ತಂಡದ ಹಾಗೆ ಜೋಡಿಸಿ ಅವಳಿಗೆ ಎರಡು ಮಾತು ವಿವರಿಸಿದೆ. ಒಂದೂಕಾಲು ಗಂಟೆ ಆಯಿತು ಅಂತಾಳೆ. ಕೊನೆಗೆ ಅವಳಿಗೆ ಹಸಿವಾಗಿ ಲೆಫ್ಟ್ ಬ್ಯಾಕನ್ನು ತಿಂದಳು.

ಏಪ್ರಿಲ್ 11, ಶನಿವಾರ

ಒಂದು–ಒಂದು.

ಎಪ್ಪತ್ತನೇ ನಿಮಿಷದಲ್ಲಿ ಎತ್ತರದ ಚೆಂಡೊಂದು ನನ್ನ ಎಡಕ್ಕೆ ಇಳಿಯಿತು. ತಿರುಗಿ ಹಾರಿದೆ. ನನ್ನ ಭುಜ ಯಾವುದಕ್ಕೋ ಬಡಿಯಿತು. ಒಣ ಕಡ್ಡಿ ಮುರಿದಂಥ ಸದ್ದಾಯಿತು. ಕ್ವಿಗ್ಲಿ ಕೆಳಗೆ ಬಿದ್ದಿದ್ದ. ಕೊರಳ ಕೆಳಗಿನ ಕಾಲರ್ ಬೋನ್ ಮುರಿದಿತ್ತು.

ಸ್ಟ್ರೆಚರ್ ಮೇಲೆ ಹೋಗುತ್ತ ಅವನು ಬಾರ್ಸ್ಟೋಗೆ ಹೇಳಿದ, ನಾನು ಕೂಗಲಿಲ್ಲ ಬಾಸ್, ನನ್ನದೇ ತಪ್ಪು ಅಂತ.

ಅವನು ಕೂಗಿದ್ದ. ನನಗೆ ಕೇಳಿಸಿತ್ತು. ಅಷ್ಟು ಹತ್ತಿರ ಇದ್ದಾನೆ ಅಂತ ಗೊತ್ತಾಗಲಿಲ್ಲ.

ಏಪ್ರಿಲ್ 12, ಭಾನುವಾರ

ಆಸ್ಪತ್ರೆಗೆ ಹೋದೆ. ಬೆರಿಲ್ ಕೊಟ್ಟ ಬನ್ನಿನ ಚೀಲ ಅವನ ಮಂಚದ ಮೇಲಿಟ್ಟು ಕೂತೆ. ಭುಜದಿಂದ ಸೊಂಟದವರೆಗೆ ಪಟ್ಟಿ ಸುತ್ತಿದ್ದರು. ಹವೆಯ ಬಗ್ಗೆ ಸ್ವಲ್ಪ ಮಾತಾಡಿದೆವು. ಆಮೇಲೆ ಕೇಳಿದೆ.

"ನೀನು ಕೂಗಿದ್ದೆ."

"ಕೂಗಿದ್ದೆ."

"ಮತ್ತೆ ಬಾಸ್ ಹತ್ರ ಯಾಕೆ ಸುಳ್ಳು ಹೇಳ್ದೆ?"

"ಇನ್ನೇನ್ ಹೇಳ್ಲಿ ಮಾರಾಯ? ನಮ್ ಕ್ಯಾಪ್ಟನ್‌ಗೆ ಒಂದ್ ಕಣ್ಣು ಕಾಣಲ್ಲ, ಪಾಪ, ಅಂತ ಹೇಳ್ಲಾ?"

ಪಕ್ಕದ ಮಂಚದ ಮುದುಕ ಪತ್ರಿಕೆ ಕೆಳಗಿಳಿಸಿದ. ಕ್ವಿಗ್ಲಿ ದನಿ ತಗ್ಗಿಸಿದ.

ಫೆಬ್ರವರಿಯಿಂದಲೇ ಗೊತ್ತಂತೆ. ಒಂದು ದಿನ ಪಂದ್ಯ ಮುಗಿದ ಮೇಲೆ ಡ್ರೆಸಿಂಗ್ ರೂಮಿನ ದೊಡ್ಡ ಸ್ನಾನದ ತೊಟ್ಟಿಯಲ್ಲಿ ಎಲ್ಲರೂ ಕೂತಿದ್ದಾಗ ನಾನು ಅಭ್ಯಾಸಬಲದಿಂದ ಎಡಗಡೆ ಯಾರಿದ್ದಾರೆ ಅಂತ ಕೇಳಿದೆನಂತೆ. ಎಡಗಡೆ ಕ್ವಿಗ್ಲಿಯೇ ಇದ್ದ. ಐದು ನಿಮಿಷದಿಂದ ನನ್ನ ಹತ್ತಿರ ಸೋಪು ಕೇಳುತ್ತ ಕೈ ಚಾಚಿಕೊಂಡಿದ್ದ. ಆವತ್ತೇ ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡು, ನನ್ನ ಎಡಕ್ಕೆ ಯಾವಾಗಲೂ ಒಬ್ಬ ಇರಬೇಕು ಅಂತ ನಿಶ್ಚಯಿಸಿದರು. ಗೋಲ್ ಬಿಟ್ಟು ಕದಲದ ಥ್ರೆಲ್‌ಫಾಲ್ ಕೂಡ ಎರಡು ಸಲ ಬಂದಿದ್ದನಂತೆ.

"ಯಾರ್ಯಾರಿಗೆ ಗೊತ್ತು?"

"ಬಾಸ್ ಒಬ್ರನ್ನ ಬಿಟ್ಟು ಎಲ್ಲರಿಗೂ."

"ಟ್ಯಾಟರ್ಸಾಲ್‌ಗೆ?"

"ಅವನೇ ಮೊದಲು ಕಂಡುಹಿಡಿದಿದ್ದು, ಜನವರೀಲೇ. ಆಮೇಲೆ, ಎಡಗಡೆಯಿಂದ ಬಂದು ಕ್ಯಾಪ್ಟನ್ ಮರ್ಯಾದೆ ತೆಗೀಬೇಡ್ರೋ ಅಂತ ನಮಗೆಲ್ಲ ಹೇಳಿದ್ದೂ ಅವನೇ."

ನಾನು ಬನ್ನಿನ ಚೀಲ ಮಡಚಿದೆ, ಬಿಚ್ಚಿದೆ.

"ನೋಡು ನಾರ್ಮ್," ಅಂದ ಕ್ವಿಗ್ಲಿ. "ನನ್ ಮೂಳೆ ಕೂಡತ್ತೆ. ಆರು ವಾರ ಅಂದ್ರು. ಮುಂದಿನ ಸಲ ನಿನ್ ತಲೆ ಇನ್ಯಾರದೋ ತಲೆಗೆ ಬಡಿದ್ರೆ? ಸುಳ್ಳು ಹೇಳಕ್ಕೆ ನಂಗೇನ್ ಬೇಜಾರಿಲ್ಲ, ಬರತ್ತೆ. ಆದ್ರೆ ಎಲ್ಲೀವರ್ಗೂ ಹೇಳ್ಬೇಕು ಅಂತ ನೀನೇ ಹೇಳು."

ನರ್ಸ್ ಬಂದು ಹೊತ್ತಾಯಿತು ಅಂದಳು. ಎದ್ದು ಬಂದೆ. ಬಸ್ಸಿಗೆ ಹತ್ತದೆ ನಡೆದೆ. ಮೂರು ಮೈಲಿ. ದಾರಿಯಲ್ಲಿ ಒಂದು ಕಂಬಕ್ಕೆ ತಾಗಿ ಅದಕ್ಕೆ ಕ್ಷಮಿಸಿ ಅಂದೆ.

ಏಪ್ರಿಲ್ 13, ಸೋಮವಾರ

ಬಾರ್ಸ್ಟೋ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿದೆ. ಜನವರಿಯಿಂದ ಎಡಗಣ್ಣು ಕಾಣುವುದಿಲ್ಲ, ಕ್ವಿಗ್ಲಿಯ ಮೂಳೆ ಮುರಿದದ್ದು ನನ್ನ ತಪ್ಪಿನಿಂದ, ಅವನ ತಪ್ಪಿನಿಂದಲ್ಲ.

ಅವನು ಪೈಪಿನ ಬೂದಿ ತಟ್ಟಿದ. ಅದನ್ನು ನೋಡುತ್ತಿದ್ದಾಗ ನನ್ನ ಕಿವಿಗೆ ಏನೋ ಬಂದು ಬಡಿಯಿತು. ಅವನ ಟೋಪಿ. ಎಡಗಡೆಯಿಂದ ಎಸೆದಿದ್ದ.

"ನಿಜಾನೇ," ಅಂದ.

ಟೋಪಿ ಎತ್ತಿ ಕೊಟ್ಟೆ. ಮೂರು ತಿಂಗಳು ಇದು ಯಾರಿಗೆಲ್ಲ ಗೊತ್ತಿತ್ತು ಅಂತ ಕೇಳಿದ. ಹೇಳಿದೆ. ಈ ಡ್ರೆಸಿಂಗ್ ರೂಮಿನಲ್ಲಿ ಒಂದು ಗುಟ್ಟು ಮಧ್ಯಾಹ್ನದ ಊಟದವರೆಗೆ ಉಳಿದದ್ದು ತಾನು ಕಂಡಿಲ್ಲ ಅಂದ. ಅದು ಬೈಗುಳವೋ ಹೊಗಳಿಕೆಯೋ ಗೊತ್ತಾಗಲಿಲ್ಲ.

"ಇನ್ನು ನೀನು ಆಡಲ್ಲ."

"ಗೊತ್ತು ಬಾಸ್."

"ನಿನ್ನನ್ನ ಈಗಲೇ ಮನೆಗೆ ಕಳಿಸ್ಬೇಕು. ಒಬ್ಬನ ಮೂಳೆ ಮುರಿದಿದ್ದೀಯ, ಅವನ ಕತ್ತೂ ಮುರೀಬಹುದಿತ್ತು. ತಿಳೀತಾ?"

"ತಿಳೀತು."

"ಶನಿವಾರ ಬಂದು ನನ್ ಪಕ್ಕ ಕೂತ್ಕೋ. ನಾನು ನಿಂಗೆ ಕಾಣೋ ಕಡೆ."

ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದೆ. ಅವನು ಬೇರೆ ಕಡೆ ನೋಡುತ್ತ ಪೈಪು ತುಂಬಿಸುತ್ತಿದ್ದ.

ಮನೆಗೆ ಬಂದು ಬೆರಿಲ್‌ಗೆ ಹೇಳಿದೆ. ಒಲೆ ಆರಿಸಿ ಕೂತಳು. ಕಣ್ಣಾಸ್ಪತ್ರೆಯಲ್ಲಿ ಫೆಬ್ರವರಿಯಲ್ಲೇ ನನ್ನ ಹೆಸರು ಬರೆಸಿದ್ದಳಂತೆ. ನಾನು ಒಪ್ಪುವುದಿಲ್ಲ ಅಂತ ಪ್ರತಿ ತಿಂಗಳೂ ಫೋನ್ ಮಾಡಿ ಮುಂದಕ್ಕೆ ಹಾಕುತ್ತಿದ್ದಳು. ಈಗ ಸಿಕ್ಕಿರುವ ದಿನ ಮೇ ಇಪ್ಪತ್ತು.

ಏಪ್ರಿಲ್ 18, ಶನಿವಾರ

ಸೊನ್ನೆ–ಮೂರು. ನಾನು ಬಾರ್ಸ್ಟೋ ಪಕ್ಕ ಕೂತಿದ್ದೆ. ನನ್ನ ಜಾಗದಲ್ಲಿ ಟ್ಯಾಟರ್ಸಾಲ್ ಆಡಿದ. ಚೆನ್ನಾಗಿ ಓಡಿದ, ಎಲ್ಲಿಗೆ ಅಂತ ಅವನಿಗೂ ಗೊತ್ತಿರಲಿಲ್ಲ. ಮೈದಾನದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಇದನ್ನು ನೋಡುತ್ತ ಕೂರುವುದಕ್ಕಿಂತ ಎರಡೂ ಕಣ್ಣು ಹೋಗಿದ್ದರೆ ವಾಸಿ ಅನಿಸಿತು. ಮತ್ತೆ ಕೊನೆಯ ಸ್ಥಾನ.

ಏಪ್ರಿಲ್ 21, ಮಂಗಳವಾರ

ತರಬೇತಿ ಮುಗಿದ ಮೇಲೆ ಕೀತ್ ಟ್ಯಾಟರ್ಸಾಲ್‌ನನ್ನು ನಿಲ್ಲಿಸಿಕೊಂಡೆ. ಚೆಂಡು ಬರುವ ಮೊದಲೇ ಕತ್ತು ತಿರುಗಿಸಬೇಕು ಅಂತ ಹೇಳಿದೆ. ನನಗೆ ಎರಡೂ ಕಣ್ಣು ಕಾಣುತ್ತಲ್ಲ ಅಂದ. ಕಾಣುತ್ತವೆ, ನೀನು ನೋಡುವುದಿಲ್ಲ ಅಂದೆ. ಎರಡು ಗಂಟೆ ತಿರುಗಿಸಿದ. ಮನೆಗೆ ಹೋಗುವಾಗ ಅವನ ಕತ್ತೂ ಹಿಡಿದುಕೊಂಡಿತ್ತು.

ಏಪ್ರಿಲ್ 30, ಗುರುವಾರ

ಮಳೆ. ತರಬೇತಿ ಮುಗಿದ ಮೇಲೂ ಕೀತ್, ಥ್ರೆಲ್‌ಫಾಲ್ ಮತ್ತು ಉಳಿದ ಹಿಂದಿನ ಸಾಲಿನವರು ನನ್ನ ಜೊತೆ ನಿಂತರು. ಯಾರನ್ನೂ ನಾನು ಕರೆದಿರಲಿಲ್ಲ. ಕೀತ್‌ಗೆ ಕೂಗಲು ನಾಚಿಕೆ. ಕೆಲಸಕ್ಕೆ ಬಾರದ ದನಿ, ಚರ್ಚಿನಲ್ಲಿ ಕ್ಷಮೆ ಕೇಳುವವನ ಹಾಗೆ. ಸರಿಹೋಗುತ್ತದೆ.

ಮೇ 2, ಶನಿವಾರ

ಒಂದು–ಸೊನ್ನೆ, ಪರವೂರಿನಲ್ಲಿ. ಉಳಿದದ್ದು ಒಂದು ಪಂದ್ಯ. ಗೆದ್ದರೆ ಲೀಗಿನಲ್ಲಿ ಇರುತ್ತೇವೆ. ಇಲ್ಲದಿದ್ದರೆ ಇಲ್ಲ.

ಮೇ 9, ಶನಿವಾರ

ನಾಲ್ಕು ಸಾವಿರ ಜನ ಬಂದಿದ್ದರು. ಸಾಮಾನ್ಯವಾಗಿ ಒಂದೂವರೆ ಸಾವಿರ ಬರುತ್ತಾರೆ. ಉಳಿದವರು ಹೆಣ ನೋಡಲು ಬಂದಿದ್ದರೆಂದು ಕಾಣುತ್ತದೆ. ಪಟ್ಟಿ ಕಟ್ಟಿಕೊಂಡ ಕ್ವಿಗ್ಲಿಯೂ ಬಂದು ನಮ್ಮ ಹಿಂದೆ ಕೂತ.

ಬಾರ್ಸ್ಟೋಗೆ ಬೆಳಿಗ್ಗೆಯಿಂದ ದನಿ ಹೋಗಿತ್ತು. ಪಿಸುಗುಟ್ಟುತ್ತಿದ್ದ, ನಾನು ಎದ್ದು ಕೂಗುತ್ತಿದ್ದೆ. ಬೆಂಚಿನಿಂದ ಕೂಗಬಾರದು ಅಂತ ನಿಯಮ. ಲೈನ್ಸ್‌ಮನ್ ಮೂರು ಸಲ ಬಂದು ನನ್ನನ್ನು ಕೂರಿಸಿದ. ಹಾಫ್ ಟೈಮಿನ ಮೇಲೆ ಬಾರ್ಸ್ಟೋ ಪಿಸುಗುಟ್ಟುವುದನ್ನೂ ಬಿಟ್ಟ. ನಾನು ಗಮನಿಸಿದ್ದು ತಡವಾಗಿ. ಅಷ್ಟರಲ್ಲಿ ಕಾಲು ಗಂಟೆಯಿಂದ ನನಗೆ ತೋಚಿದ್ದನ್ನೇ ಕೂಗುತ್ತಿದ್ದೆ. ತಿರುಗಿ ನೋಡಿದೆ. ಮುಂದುವರಿಸು ಅನ್ನುವ ಹಾಗೆ ಪೈಪು ಆಡಿಸಿದ.

ಎಂಬತ್ತಮೂರನೇ ನಿಮಿಷ, ಸೊನ್ನೆ–ಸೊನ್ನೆ. ಕೀತ್‌ಗೆ ಚೆಂಡು ಸಿಕ್ಕಿತು. ಹೊಡಿ ಅಂದೆ. ಹೊಡೆದ. ಗೋಲು ಎಡಗಡೆಗಿತ್ತು, ನಾನು ಕತ್ತು ತಿರುಗಿಸುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಕ್ವಿಗ್ಲಿ ಹೇಳಿದ ಪ್ರಕಾರ ಚೆಂಡು ಹೊರಗೆ ಹೋಗುತ್ತಿತ್ತು, ಅವರ ಹಿಂದಿನ ಸಾಲಿನ ಸೆಂಟರ್ ಹಾಫ್‌ನ ಕುಂಡೆಗೆ ಬಡಿದು ಒಳಗೆ ತಿರುಗಿತು. ನಾಲ್ಕು ಸಾವಿರ ಜನ ಒಂದೇ ಸಲ ಕಿರುಚಿದ್ದರಿಂದ ನನಗೆ ವಿಷಯ ತಿಳಿಯಿತು. ಕ್ವಿಗ್ಲಿ ಮುರಿದ ಮೂಳೆ ಮರೆತು ನನ್ನನ್ನು ತಬ್ಬಿಕೊಂಡು ಅತ್ತ. ನೋವಿಗೆ ಅಂದ.

ಒಂದು–ಸೊನ್ನೆ. ಇಪ್ಪತ್ತಮೂರನೇ ಸ್ಥಾನ. ಉಳಿದೆವು.

ಎಲ್ಲರೂ ಸ್ನಾನಕ್ಕೆ ಹೋದ ಮೇಲೆ ಕೀತ್ ಕೆಸರಿನಲ್ಲೇ ಬಂದು ನನ್ನ ಬಲಕ್ಕೆ ಕೂತ. ಜನವರಿಯಿಂದ ಗೊತ್ತಿದ್ದರೂ ಬಾರ್ಸ್ಟೋಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೇಳಿದ್ದರೆ ಆವತ್ತೇ ಜಾಗ ಅವನದು.

"ಹೇಳ್ಬೇಕು ಅಂತಾನೇ ಮೂರ್ ಸಲ ಅವರ ಬಾಗಿಲ ತನಕ ಹೋದೆ ಕ್ಯಾಪ್ಟನ್. ಮೂರ್ ಸಲಾನೂ ಕಕ್ಕಸ್ಸಲ್ಲಿದ್ರು."

"ನಾಲ್ಕನೇ ಸಲ?"

"ಹೋಗ್ಲಿಲ್ಲ. ಅಷ್ಟೊತ್ತಿಗೆ ನೀವು ನಮ್ ಜೊತೆ ಮಾತಾಡಕ್ಕೆ ಶುರು ಮಾಡಿದ್ರಿ."

ಕತ್ತು ಇನ್ನೂ ಸ್ವಲ್ಪ ಜಾಸ್ತಿ ತಿರುಗಿಸಬೇಕು ಅಂತ ಅವನಿಗೆ ಹೇಳಿದೆ.

ಮೇ 20, ಬುಧವಾರ

ಕಣ್ಣಾಸ್ಪತ್ರೆ. ಡಾಕ್ಟರಮ್ಮ ಸಣ್ಣ ವಯಸ್ಸಿನವಳು. ದೀಪ ಬಿಟ್ಟು ನೋಡಿ, ಕಣ್ಣಿನ ಒಳಗಿನ ಪರದೆ, ರೆಟಿನಾ, ಕಳಚಿ ಬಿದ್ದು ಬಹಳ ದಿನ ಆಗಿದೆ, ಇನ್ನು ಏನೂ ಮಾಡಲಾಗುವುದಿಲ್ಲ ಅಂದಳು. ಜನವರಿಯಲ್ಲೇ ಬಂದಿದ್ದರೆ ಅಂತ ಶುರು ಮಾಡಿ, ಬೆರಿಲ್ ಮುಖ ನೋಡಿ ನಿಲ್ಲಿಸಿದಳು. ಇನ್ನು ಫುಟ್‌ಬಾಲ್ ಆಡಕೂಡದು ಅಂತ ಕಾಗದದಲ್ಲಿ ಬರೆದುಕೊಟ್ಟಳು.

ನಾಲ್ಕು ಕ್ಲಬ್ಬು, ಹದಿನೇಳು ವರ್ಷ, ನಾನೂರ ಹನ್ನೆರಡು ಪಂದ್ಯ, ಹತ್ತೊಂಬತ್ತು ಗೋಲು. ನಮ್ಮದೇ ಗೋಲಿಗೆ ಹೊಡೆದದ್ದು ಮೂರು, ಅವನ್ನು ಯಾರೂ ಕೂಡಿಸುವುದಿಲ್ಲ. ಎರಡನೇ ಡಿವಿಷನ್ನಿನಲ್ಲಿ ಒಂದು ಚಳಿಗಾಲ. ಇಷ್ಟು.

ವಾಪಸು ಬರುವಾಗ ಬಸ್ಸಿನಲ್ಲಿ ಬೆರಿಲ್ ನನ್ನ ಎಡಗಡೆ ಕೂತಳು. ಕೈ ಹಿಡಿದುಕೊಂಡದ್ದರಿಂದ ಗೊತ್ತಾಯಿತು. ಊರು ಬರುವವರೆಗೂ ಬಿಡಲಿಲ್ಲ.

ಮೇ 27, ಬುಧವಾರ

ಡ್ರೆಸಿಂಗ್ ರೂಮಿನಲ್ಲಿ ನನ್ನ ಬೂಟು ಉಳಿದಿತ್ತು. ತಂದುಬಿಡೋಣ ಅಂತ ಬೆಳಿಗ್ಗೆ ಹತ್ತಕ್ಕೆ ಮೈದಾನಕ್ಕೆ ಹೋದೆ. ಸೀಸನ್ ಮುಗಿದಿದೆ, ಯಾರೂ ಇರಲಿಕ್ಕಿಲ್ಲ ಅಂದುಕೊಂಡಿದ್ದೆ. ಕೀತ್ ಒಬ್ಬನೇ ಗೋಡೆಗೆ ಚೆಂಡು ಒದೆಯುತ್ತಿದ್ದ. ಬಲಗಾಲಿನ ಮೇಲೆ ಭಾರ ಜಾಸ್ತಿ ಹಾಕುತ್ತಾನೆ. ಅದೊಂದು ಮಾತು ಹೇಳಿ ಹೋಗೋಣ ಅಂತ ನಿಂತೆ. ಅಷ್ಟರಲ್ಲಿ ಕ್ವಿಗ್ಲಿ ಬಂದ, ಪಟ್ಟಿ ಬಿಚ್ಚಿದ್ದಾರೆ. ಅವನು ನಿಲ್ಲುವ ಜಾಗವೇ ತಪ್ಪು, ಮೊದಲಿನಿಂದಲೂ, ಈಗ ಕೂತು ನೋಡಿದ್ದರಿಂದ ಗೊತ್ತಾಗಿದೆ. ಅದನ್ನು ಸರಿಮಾಡಲು ಒಬ್ಬ ಬೇಕಾದ್ದರಿಂದ ಹುಲ್ಲು ಕತ್ತರಿಸುವವನನ್ನು ಯಂತ್ರದಿಂದ ಇಳಿಸಿ ಅಂಚಿನಲ್ಲಿ ಓಡಿಬರುವ ಎದುರಾಳಿ ವಿಂಗರ್ ಮಾಡಿದೆ. ಅವನಿಗೆ ಅರವತ್ತಂತೆ, ಆದರೂ ಕ್ವಿಗ್ಲಿಯನ್ನು ಎರಡು ಸಲ ದಾಟಿದ. ಬಾರ್ಸ್ಟೋ ಕಿಟಕಿಯಿಂದ ನೋಡುತ್ತಿದ್ದ. ಮಧ್ಯಾಹ್ನ ಎಲ್ಲರಿಗೂ ಚಹಾ ಕಳಿಸಿದ.

ಮನೆಗೆ ಬಂದಾಗ ಆರು ಹೊಡೆದಿತ್ತು. ಬೂಟೆಲ್ಲಿ ಅಂತ ಬೆರಿಲ್ ಕೇಳಿದಳು.

ಮರೆತೇಹೋಯಿತು. ನಾಳೆ ಹೋಗಿ ತರುತ್ತೇನೆ ಅಂದೆ.